ಲಿಥಿಯಂ-ಅಯಾನು ಬ್ಯಾಟರಿಯ ವಿಭಜಕ ಪೊರೆಗೆ ಸಸ್ಯಮೂಲ ವಸ್ತುಗಳು: ನಾಗರಿಕರಿಗೆ ಮಾಹಿತಿ

ಪೀಠಿಕೆ

ವಿದ್ಯುತ್ ಚಾಲಿತ ದ್ವಿಚಕ್ರ ವಾಹನ, ಮನೆಯ ಇನ್ವರ್ಟರ್, ಸೌರ ದೀಪ, ಮೊಬೈಲ್ ದೂರವಾಣಿ ಮುಂತಾದ ಸಾಧನಗಳ ಮೂಲಕ ಲಿಥಿಯಂ-ಅಯಾನು ಬ್ಯಾಟರಿಯು ಇಂದು ಗ್ರಾಮೀಣ ಮನೆಗಳನ್ನೂ ಪ್ರವೇಶಿಸಿದೆ. ವಿಜಯಪುರ ಜಿಲ್ಲೆಯ ಸಿಂದಗಿ ತಾಲೂಕಿನ ಕನ್ನೊಳ್ಳಿಯಂತಹ ಗ್ರಾಮದ ನಾಗರಿಕರಿಗೆ ಈ ಬ್ಯಾಟರಿಯ ಸಂಬಂಧ ಸಹಜವಾಗಿ ಏಳುವ ಪ್ರಶ್ನೆಗಳು ಎರಡು. ಇದನ್ನು ಮನೆಯೊಳಗೆ ಇರಿಸಿಕೊಳ್ಳುವುದು ಎಷ್ಟರಮಟ್ಟಿಗೆ ಸುರಕ್ಷಿತ ಎಂಬುದು ಮೊದಲನೆಯದು. ಹತ್ತಿಕಟ್ಟಿಗೆ, ಕಬ್ಬಿನ ಸಿಪ್ಪೆ ಮುಂತಾದ ಕೃಷಿ ತ್ಯಾಜ್ಯದಿಂದ ಬ್ಯಾಟರಿಯ ಭಾಗ ತಯಾರಿಸಬಹುದು ಎಂಬ ಸುದ್ದಿ ನಿಜವಾದಲ್ಲಿ, ಅದರಿಂದ ರೈತರಿಗೆ ಆದಾಯ ದೊರೆಯುವುದೇ ಎಂಬುದು ಎರಡನೆಯದು.

ಈ ಎರಡೂ ಪ್ರಶ್ನೆಗಳು ಬ್ಯಾಟರಿಯೊಳಗಿನ ಒಂದೇ ವಸ್ತುವಿನಲ್ಲಿ ಸಂಧಿಸುತ್ತವೆ. ಅದುವೇ ಸೆಪರೇಟರ್ ಎಂದು ಕರೆಯಲಾಗುವ ವಿಭಜಕ ಪೊರೆ. ಸದರಿ ಪೊರೆಯ ಕಾರ್ಯ, ಅದಕ್ಕೆ ಸಸ್ಯಮೂಲ ವಸ್ತು ಬಳಸುವುದರ ಅನುಕೂಲ ಮತ್ತು ತೊಡಕು, ಕಚ್ಚಾವಸ್ತುವಿನ ಲೆಕ್ಕ ಹಾಗೂ ನಾಗರಿಕರು ವಹಿಸಬೇಕಾದ ಎಚ್ಚರಿಕೆಗಳನ್ನು ಇಲ್ಲಿ ವಿವರಿಸಲಾಗಿದೆ. ಈ ಲೇಖನವು ಮಾಹಿತಿಗಾಗಿ ಮಾತ್ರ ಪ್ರಕಟವಾಗಿದ್ದು, ಯಾವುದೇ ಯೋಜನೆಯಡಿ ಅರ್ಜಿ ಆಹ್ವಾನವೆಂದು ಭಾವಿಸತಕ್ಕದ್ದಲ್ಲ.

ವಿಭಜಕ ಪೊರೆ ಎಂದರೇನು?

ಲಿಥಿಯಂ-ಅಯಾನು ಕೋಶದೊಳಗೆ ಎರಡು ವಿದ್ಯುದ್ವಾರಗಳಿರುತ್ತವೆ. ಒಂದು ಬದಿಯಲ್ಲಿ ತಾಮ್ರದ ಹಾಳೆಯ ಮೇಲೆ ಲೇಪಿಸಿದ ಗ್ರಾಫೈಟ್, ಇನ್ನೊಂದು ಬದಿಯಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ಲೇಪಿಸಿದ ಲಿಥಿಯಂ ಸಂಯುಕ್ತ. ಇವೆರಡರ ನಡುವೆ ಲಿಥಿಯಂ ಲವಣವನ್ನು ಕರಗಿಸಿದ ಸಾವಯವ ದ್ರಾವಣವಿರುತ್ತದೆ. ಈ ದ್ರಾವಣವು ನೀರಲ್ಲ. ಸುಲಭವಾಗಿ ಹೊತ್ತಿಕೊಳ್ಳುವ ಗುಣವುಳ್ಳದ್ದು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಕಡೆಗೂ, ಬಳಸುವಾಗ ಅಲ್ಲಿಂದ ಮರಳಿಯೂ ಸಂಚರಿಸುತ್ತವೆ.

ಎರಡು ವಿದ್ಯುದ್ವಾರಗಳು ಒಂದನ್ನೊಂದು ನೇರವಾಗಿ ಮುಟ್ಟಿದಲ್ಲಿ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಆದುದರಿಂದ ಅವುಗಳ ನಡುವೆ, ಅಯಾನುಗಳನ್ನು ದಾಟಲು ಬಿಡುವ ಆದರೆ ವಿದ್ಯುದ್ವಾರಗಳನ್ನು ಕೂಡಲು ಬಿಡದ ಸೂಕ್ಷ್ಮರಂಧ್ರಗಳ ಪೊರೆಯೊಂದನ್ನು ಇರಿಸಲಾಗುತ್ತದೆ. ಪ್ರಸ್ತುತ ಬಳಕೆಯಲ್ಲಿರುವ ಪೊರೆಗಳ ದಪ್ಪ ಸಾಮಾನ್ಯವಾಗಿ 10ರಿಂದ 25 ಮೈಕ್ರೋಮೀಟರ್. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರೋಮೀಟರ್ ದಪ್ಪವಿರುತ್ತದೆ ಎಂಬುದನ್ನು ನೆನೆದರೆ, ಬೆಂಕಿಗೂ ಮನೆಗೂ ನಡುವೆ ಇರುವ ಈ ಗೋಡೆ ಎಷ್ಟು ತೆಳುವಾದದ್ದು ಎಂಬುದು ಮನವರಿಕೆಯಾಗುತ್ತದೆ.

ಪೊರೆಯು ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ, ಸಂಗ್ರಹಿಸುವುದೂ ಇಲ್ಲ. ಜಾಹೀರಾತಿನಲ್ಲಿ ಇದರ ಹೆಸರು ಬರುವುದಿಲ್ಲ. ಕೋಶದ ಒಟ್ಟು ವೆಚ್ಚದಲ್ಲಿ ಇದರದು ಸಣ್ಣ ಪಾಲು. ಆದಾಗ್ಯೂ ಇದು ಹರಿದರೆ ಉಳಿದ ಬೆಲೆಬಾಳುವ ಭಾಗಗಳೆಲ್ಲವೂ ಉರುವಲಾಗುತ್ತವೆ.

ಪ್ಲಾಸ್ಟಿಕ್ ಪೊರೆಯ ಮಿತಿ

ಲಿಥಿಯಂ-ಅಯಾನು ಬ್ಯಾಟರಿಯು 1991ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದಂದಿನಿಂದ ಪೊರೆಗೆ ಮುಖ್ಯವಾಗಿ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ಎಂಬ ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್‌ಗಳನ್ನು ಬಳಸಲಾಗುತ್ತಿದೆ. ಪಾಲಿಎಥಿಲೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ, ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಯಲ್ಲಿಯೂ ಕರಗುತ್ತದೆ. ಕರಗುವ ಮೊದಲೇ ಪೊರೆಯು ಬಿಸಿಗೆ ಹಿಡಿದ ಪ್ಲಾಸ್ಟಿಕ್ ಚೀಲದಂತೆ ಸಂಕುಚಿತಗೊಳ್ಳಲಾರಂಭಿಸುತ್ತದೆ.

ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ಬಿಸಿಲಿಗೆ ಪೊರೆ ಕರಗುತ್ತದೆ ಎಂಬ ಭಯ ಮಾತ್ರ ಸರಿಯಲ್ಲ. 40ಕ್ಕೂ 130ಕ್ಕೂ ಬಹಳ ಅಂತರವಿದೆ. ಅಪಾಯವು ಕೋಶದ ಒಳಗಿನಿಂದ ಆರಂಭವಾಗುತ್ತದೆ. ತಯಾರಿಕೆಯಲ್ಲಿ ಉಳಿದ ಲೋಹದ ಕಣ, ಬಿದ್ದು ಜಜ್ಜಿದ ಕೋಶ, ಮಿತಿಮೀರಿದ ಚಾರ್ಜಿಂಗ್‌ನಿಂದ ಗ್ರಾಫೈಟ್ ಮೇಲೆ ಸೂಜಿಯಂತೆ ಬೆಳೆಯುವ ಲಿಥಿಯಂ, ಇವುಗಳಲ್ಲಿ ಯಾವುದಾದರೊಂದು ಪೊರೆಯನ್ನು ಚುಚ್ಚಿದಾಗ ಆ ಬಿಂದುವಿನಲ್ಲಿ ಶಾಖ ಹುಟ್ಟುತ್ತದೆ. ಶಾಖಕ್ಕೆ ಸುತ್ತಲಿನ ಪೊರೆ ಹಿಂದೆ ಸರಿಯುತ್ತದೆ, ರಂಧ್ರ ದೊಡ್ಡದಾಗುತ್ತದೆ, ಇನ್ನಷ್ಟು ಶಾಖ ಉಂಟಾಗುತ್ತದೆ. ಒಂದು ಕೋಶದ ಶಾಖ ಪಕ್ಕದ ಕೋಶಕ್ಕೆ ಹರಡಿ, ಕೆಲವೇ ನಿಮಿಷಗಳಲ್ಲಿ ಇಡೀ ಬ್ಯಾಟರಿ ಹೊತ್ತಿಕೊಳ್ಳಬಹುದು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನವನ್ನು ಕೂಡಲೇ ಚಾರ್ಜ್ ಮಾಡಬಾರದು ಎಂದು ಹೇಳುವುದು ಏಕೆಂದರೆ, ಅಧಿಕ ತಾಪಮಾನವು ಕೋಶವನ್ನು ಬೇಗ ಹಳತು ಮಾಡುತ್ತದೆ ಮತ್ತು ಇಂತಹ ದೋಷಗಳಿಗೆ ಆಸ್ಪದ ನೀಡುತ್ತದೆ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಅಂಶವಿದೆ. ಪಾಲಿಎಥಿಲೀನ್ 130 ಡಿಗ್ರಿಯಲ್ಲಿ ಮೆತ್ತಗಾದಾಗ ಅದರ ರಂಧ್ರಗಳು ಮುಚ್ಚಿಕೊಂಡು ಅಯಾನುಗಳ ಸಂಚಾರ ನಿಲ್ಲುತ್ತದೆ. ಶಾಖ ನಿಧಾನವಾಗಿ ಏರುವ ಸಂದರ್ಭದಲ್ಲಿ ಇದು ಒಂದು ರಕ್ಷಣೆಯೇ ಆಗಿದೆ. ಇದಕ್ಕಾಗಿಯೇ ಎರಡು ಪಾಲಿಪ್ರೊಪಿಲೀನ್ ಪದರಗಳ ನಡುವೆ ಒಂದು ಪಾಲಿಎಥಿಲೀನ್ ಪದರ ಇರಿಸಿದ ಪೊರೆಗಳೂ, ಅಲ್ಯೂಮಿನಾ ಪುಡಿ ಲೇಪಿಸಿದ ಪೊರೆಗಳೂ ಬಳಕೆಗೆ ಬಂದಿವೆ. ಶಾಖ ಹಠಾತ್ತನೆ ಏರಿದಾಗ ಈ ರಕ್ಷಣೆ ಸಾಲದು.

ಸಸ್ಯಮೂಲ ಪೊರೆ ಹೊಸ ಕಲ್ಪನೆಯಲ್ಲ

ಹಳೆಯ ಟಾರ್ಚ್ ಸೆಲ್ಲನ್ನು ಬಾಲ್ಯದಲ್ಲಿ ಒಡೆದು ನೋಡಿದವರಿಗೆ, ಸತುವಿನ ಡಬ್ಬಿಗೂ ಒಳಗಿನ ಕಪ್ಪು ಪುಡಿಗೂ ನಡುವೆ ಅಂಟಂಟಾದ ಕಾಗದವೊಂದು ಇದ್ದುದು ನೆನಪಿರಬಹುದು. ಅದು ಪಿಷ್ಟ ಲೇಪಿಸಿದ ಕಾಗದ. ಆ ಸೆಲ್ಲಿನ ವಿಭಜಕ ಪೊರೆ ಅದೇ ಆಗಿತ್ತು. ಸೀಸ-ಆಮ್ಲ ಬ್ಯಾಟರಿಗಳಲ್ಲಿ ಒಂದು ಕಾಲದಲ್ಲಿ ದೇವದಾರು ಜಾತಿಯ ಮರದ ತೆಳು ಹಲಗೆಗಳನ್ನೇ ವಿಭಜಕವಾಗಿ ಇರಿಸಲಾಗುತ್ತಿತ್ತು. ಫ್ರಾನ್ಸಿನ ಹೆನ್ರಿ ಆಂದ್ರೆ ಅವರು 1941ರಲ್ಲಿ ಪ್ರಕಟಿಸಿದ ಬೆಳ್ಳಿ-ಸತು ಬ್ಯಾಟರಿಯಲ್ಲಿ ಮರದ ತಿರುಳಿನಿಂದ ತಯಾರಾಗುವ ಸೆಲ್ಲೋಫೇನ್ ಹಾಳೆ ಇತ್ತು. ರೇಡಿಯೋ ಮತ್ತಿತರ ಉಪಕರಣಗಳ ಕೆಪ್ಯಾಸಿಟರ್‌ಗಳಲ್ಲಿ ಕಾಗದವು ಇಂದಿಗೂ ಈ ಕೆಲಸ ಮಾಡುತ್ತಿದೆ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿಯೆಂದರೆ, ಈಗಿನ ಲಿಥಿಯಂ-ಅಯಾನು ಬ್ಯಾಟರಿಯಲ್ಲಿಯೂ ಸಸ್ಯಮೂಲ ವಸ್ತು ಈಗಾಗಲೇ ಇದೆ. ಗ್ರಾಫೈಟ್ ಪುಡಿಯನ್ನು ತಾಮ್ರದ ಹಾಳೆಗೆ ಅಂಟಿಸಲು ವ್ಯಾಪಕವಾಗಿ ಬಳಸುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಅಂಟು, ಹತ್ತಿ ಅಥವಾ ಮರದ ಸೆಲ್ಯುಲೋಸಿನಿಂದಲೇ ತಯಾರಾಗುತ್ತದೆ. ಇದನ್ನು ನೀರಿನಲ್ಲಿ ಕಲಸಬಹುದಾದ ಕಾರಣ ವಿಷಕಾರಿ ದ್ರಾವಕದ ಅಗತ್ಯ ಬೀಳುವುದಿಲ್ಲ. ಸದ್ದಿಲ್ಲದೆ ಗೆದ್ದ ಸಸ್ಯಮೂಲ ವಸ್ತು ಎಂದು ಇದನ್ನು ಕರೆಯಬಹುದು.

ಸೆಲ್ಯುಲೋಸಿನ ಅನುಕೂಲ ಮತ್ತು ತೊಡಕು

ಎಲ್ಲ ಸಸ್ಯಗಳ ಕೋಶಭಿತ್ತಿಯಲ್ಲಿರುವ ನಾರಿನ ಅಂಶವೇ ಸೆಲ್ಯುಲೋಸ್. ಹತ್ತಿಯ ಅರಳೆಯಲ್ಲಿ ಇದು ಶೇ. 90ಕ್ಕಿಂತ ಹೆಚ್ಚು, ಮರ, ಕಬ್ಬಿನ ಸಿಪ್ಪೆ ಮತ್ತು ಹತ್ತಿಕಟ್ಟಿಗೆಯಲ್ಲಿ ಸ್ಥೂಲವಾಗಿ ಶೇ. 40ರ ಆಸುಪಾಸು. ಉತ್ತರ ಕರ್ನಾಟಕದಲ್ಲಿ ಹಗ್ಗಕ್ಕೆ ಬಳಸುವ ಪುಂಡಿ ನಾರಿನಲ್ಲಿಯೂ ಇದೇ ಮುಖ್ಯಾಂಶ.

ಸೆಲ್ಯುಲೋಸಿನ ಮುಖ್ಯ ಗುಣವೆಂದರೆ ಅದು ಕರಗುವುದಿಲ್ಲ. ಬಿಳಿ ಹತ್ತಿ ಬಟ್ಟೆಗೆ ಬಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಅದು ಕರಕಲಾಗಬಹುದು, ಆದರೆ ನೈಲಾನ್ ಬಟ್ಟೆಯಂತೆ ಮುದುಡಿ ಅಂಟಿಕೊಳ್ಳುವುದಿಲ್ಲ. ಸುಮಾರು 250 ಡಿಗ್ರಿಯವರೆಗೂ ಸೆಲ್ಯುಲೋಸ್ ಹಾಳೆಯು ತನ್ನ ಆಕಾರ ಮತ್ತು ಅಳತೆಯನ್ನು ಬಹುತೇಕ ಉಳಿಸಿಕೊಳ್ಳುತ್ತದೆ. ಚುಚ್ಚಿದ ಬಿಂದುವಿನಲ್ಲಿ ಶಾಖ ಹುಟ್ಟಿದರೂ ಸುತ್ತಲಿನ ಹಾಳೆ ಹಿಂದೆ ಸರಿಯದಿರುವುದರಿಂದ ದೋಷವು ಆ ಬಿಂದುವಿನಲ್ಲಿಯೇ ಉಳಿಯುವ ಸಾಧ್ಯತೆ ಹೆಚ್ಚು. ಎರಡನೆಯದಾಗಿ, ಎಣ್ಣೆ ಸವರಿದ ತಟ್ಟೆಯ ಮೇಲೆ ನೀರು ನಿಲ್ಲದಂತೆ ಪ್ಲಾಸ್ಟಿಕ್ ಪೊರೆಯು ಬ್ಯಾಟರಿಯ ದ್ರಾವಣವನ್ನು ಅಷ್ಟಾಗಿ ಹೀರುವುದಿಲ್ಲ. ಸೆಲ್ಯುಲೋಸ್ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ಇದೇ ಹೀರುವ ಗುಣವು ದೊಡ್ಡ ತೊಡಕೂ ಹೌದು. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಹಪ್ಪಳ ಮೆತ್ತಗಾಗುವಂತೆ ಸೆಲ್ಯುಲೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬ್ಯಾಟರಿಯ ದ್ರಾವಣದಲ್ಲಿರುವ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಲವಣವು ನೀರಿನೊಡನೆ ವರ್ತಿಸಿ ಹೈಡ್ರೋಫ್ಲೋರಿಕ್ ಆಮ್ಲವನ್ನು ಉಂಟುಮಾಡುತ್ತದೆ. ಈ ಆಮ್ಲವು ವಿದ್ಯುದ್ವಾರಗಳನ್ನು ತಿನ್ನುತ್ತದೆ. ಆದುದರಿಂದ ಸಸ್ಯಮೂಲ ಪೊರೆಯನ್ನು ನಿರ್ವಾತದಲ್ಲಿ 100 ಡಿಗ್ರಿಗೂ ಮೇಲ್ಪಟ್ಟ ಶಾಖದಲ್ಲಿ ಒಣಗಿಸಿ, ತೇವರಹಿತ ಕೊಠಡಿಯಲ್ಲಿಯೇ ಕೋಶಕ್ಕೆ ಜೋಡಿಸಬೇಕಾಗುತ್ತದೆ. ಇದಕ್ಕೆ ತಗಲುವ ವಿದ್ಯುತ್ ಮತ್ತು ವೆಚ್ಚ ಅಲ್ಪವಲ್ಲ.

ರಂಧ್ರಗಳ ಗಾತ್ರವೂ ಒಂದು ಸಮಸ್ಯೆ. ಸಾಮಾನ್ಯ ಕಾಗದದ ರಂಧ್ರಗಳು ದೊಡ್ಡವು ಮತ್ತು ಅಸಮವಾದವು. ಲಿಥಿಯಂ ಸೂಜಿಗಳು ಅವುಗಳ ಮೂಲಕ ಸುಲಭವಾಗಿ ನುಸುಳಬಲ್ಲವು. ಇದನ್ನು ತಪ್ಪಿಸಲು ನಾರನ್ನು ಅತಿ ಸೂಕ್ಷ್ಮ ಎಳೆಗಳಾಗಿ ಸೀಳಿ ನ್ಯಾನೋಸೆಲ್ಯುಲೋಸ್ ತಯಾರಿಸಲಾಗುತ್ತದೆ. ಆದರೆ ಅಂತಹ ಎಳೆಗಳನ್ನು ನೀರಿನಿಂದ ಹಾಳೆಯಾಗಿ ಒಣಗಿಸಿದಾಗ ಅವು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು ರಂಧ್ರಗಳೇ ಮುಚ್ಚಿಹೋಗುತ್ತವೆ. ಆಗ ಐಸೊಪ್ರೊಪೈಲ್ ಆಲ್ಕೋಹಾಲ್‌ನಂತಹ ದ್ರಾವಕದ ನೆರವು ಬೇಕಾಗುತ್ತದೆ. ಪಾಲಿಎಥಿಲೀನ್ ಪೊರೆಗೆ ಇರುವ ರಂಧ್ರ ಮುಚ್ಚುವ ರಕ್ಷಣೆ ಸೆಲ್ಯುಲೋಸಿಗೆ ಇಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಇನ್ನು, ಸೆಲ್ಯುಲೋಸ್ ಕರಗದಿದ್ದರೂ ಸುಡುತ್ತದೆ. ದ್ರಾವಣವೇ ಹೊತ್ತಿದ ನಂತರ ಯಾವ ಪೊರೆಯೂ ಬೆಂಕಿಯನ್ನು ತಡೆಯಲಾರದು. "ಸಸ್ಯಮೂಲ ಪೊರೆ ಇರುವ ಬ್ಯಾಟರಿಗೆ ಬೆಂಕಿ ಬೀಳುವುದೇ ಇಲ್ಲ" ಎಂದು ಯಾರಾದರೂ ಹೇಳಿದಲ್ಲಿ ಅದನ್ನು ನಂಬತಕ್ಕದ್ದಲ್ಲ.

ಸಂಶೋಧನೆ ಹಲವೆಡೆ ಮುಂದುವರಿದಿದೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದಲ್ಲಿ ಕ್ಲಾಡೋಫೋರಾ ಎಂಬ ಪಾಚಿಯ ಸೆಲ್ಯುಲೋಸಿನಿಂದ ಪೊರೆ ತಯಾರಿಸಲಾಗಿದೆ. ಅಮೆರಿಕದ ಮೇರಿಲ್ಯಾಂಡ್ ಮತ್ತು ಬ್ರೌನ್ ವಿಶ್ವವಿದ್ಯಾಲಯಗಳ ತಂಡವು 2021ರಲ್ಲಿ, ಸೆಲ್ಯುಲೋಸ್ ಎಳೆಗಳ ನಡುವೆ ತಾಮ್ರದ ಅಯಾನುಗಳನ್ನು ಸೇರಿಸಿ, ದ್ರಾವಣದ ಬದಲಿಗೆ ಘನರೂಪದಲ್ಲಿಯೇ ಲಿಥಿಯಂ ಅಯಾನುಗಳನ್ನು ಸಾಗಿಸುವ ವಸ್ತುವನ್ನು ಪ್ರಕಟಿಸಿತು. ನಮ್ಮ ದೇಶದಲ್ಲಿ ಮುಂಬೈನ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಹತ್ತಿಯಿಂದ ನ್ಯಾನೋಸೆಲ್ಯುಲೋಸ್ ತಯಾರಿಸುವ ಪ್ರಾಯೋಗಿಕ ಘಟಕವನ್ನು ಸ್ಥಾಪಿಸಿದೆ. ಇಷ್ಟಾದರೂ ವಿದ್ಯುತ್ ವಾಹನಗಳ ಬ್ಯಾಟರಿಗಳಲ್ಲಿ ಇಂದು ಪ್ರಧಾನವಾಗಿರುವುದು ಪ್ಲಾಸ್ಟಿಕ್ ಪೊರೆಯೇ.

ಹತ್ತಿಕಟ್ಟಿಗೆಯ ಲೆಕ್ಕ

ಹತ್ತಿ ಬಿಡಿಸಿದ ನಂತರ ಹೊಲದಲ್ಲಿ ಉಳಿಯುವ ಕಟ್ಟಿಗೆಯು ಒಲೆಗೆ ಹೋಗುತ್ತದೆ, ಇಲ್ಲವೇ ಹೊಲದಲ್ಲಿಯೇ ಸುಡಲ್ಪಡುತ್ತದೆ. ಗುಲಾಬಿ ಕಾಯಿಕೊರಕದ ಹತೋಟಿಗಾಗಿ ಕಟ್ಟಿಗೆಯನ್ನು ಹೊಲದಲ್ಲಿ ಬಹಳ ದಿನ ನಿಲ್ಲಿಸಬಾರದೆಂಬ ಶಿಫಾರಸೂ ಇದೆ. ಇಂತಹ ಬೆಲೆಯಿಲ್ಲದ ವಸ್ತುವನ್ನು ಬ್ಯಾಟರಿ ಕಾರ್ಖಾನೆ ಕೊಳ್ಳುತ್ತದೆ ಎಂದರೆ ರೈತರಲ್ಲಿ ಆಸೆ ಹುಟ್ಟುವುದು ಸಹಜ. ಈ ಆಸೆಗೆ ಎಷ್ಟು ಆಧಾರವಿದೆ ಎಂಬುದನ್ನು ಸ್ಥೂಲ ಲೆಕ್ಕದಿಂದಲೇ ತಿಳಿಯಬಹುದು.

ಒಂದು ಕಿಲೋವ್ಯಾಟ್-ಗಂಟೆ ಸಾಮರ್ಥ್ಯದ ಬ್ಯಾಟರಿಗೆ ಅಂದಾಜು 10 ಚದರ ಮೀಟರ್ ಪೊರೆ ಬೇಕಾಗುತ್ತದೆ. ಸೆಲ್ಯುಲೋಸ್ ಪೊರೆಯ ತೂಕ ಚದರ ಮೀಟರಿಗೆ 15 ಗ್ರಾಂ ಎಂದು ಹಿಡಿಯೋಣ. ಮೂರು ಕಿಲೋವ್ಯಾಟ್-ಗಂಟೆಯ ಬ್ಯಾಟರಿಯುಳ್ಳ ಒಂದು ಸ್ಕೂಟರಿನಲ್ಲಿ 30 ಚದರ ಮೀಟರ್, ಅಂದರೆ ಒಂದು ಸಣ್ಣ ಮನೆಯ ನೆಲದಷ್ಟು ವಿಸ್ತಾರದ ಪೊರೆ ಸುರುಳಿಯಾಗಿ ಅಡಗಿರುತ್ತದೆ. ಆದರೆ ಅದರ ತೂಕ 450 ಗ್ರಾಂ ಮಾತ್ರ. ಹತ್ತಿಕಟ್ಟಿಗೆಯಲ್ಲಿ ಶೇ. 40ರಷ್ಟು ಸೆಲ್ಯುಲೋಸ್ ಇದ್ದು, ಬೇಯಿಸಿ ಶುದ್ಧಗೊಳಿಸುವಾಗ ಅದರಲ್ಲಿ ಅರ್ಧ ನಷ್ಟವಾಗುತ್ತದೆಂದು ಭಾವಿಸಿದರೂ, ಒಂದು ಸ್ಕೂಟರಿಗೆ ಬೇಕಾಗುವ ಕಟ್ಟಿಗೆ ಎರಡೂಕಾಲು ಕಿಲೋಗ್ರಾಂ. ಹೆಕ್ಟೇರಿಗೆ ಎರಡು ಟನ್ ಕಟ್ಟಿಗೆ ದೊರೆತಲ್ಲಿ ಒಂದೇ ಹೆಕ್ಟೇರ್ ಹೊಲವು ಸುಮಾರು 900 ಸ್ಕೂಟರುಗಳಿಗೆ ಸಾಕಾಗುತ್ತದೆ.

ಇದನ್ನೇ ದೇಶದ ಮಟ್ಟಕ್ಕೆ ವಿಸ್ತರಿಸಿ ನೋಡಬಹುದು. ಕೇಂದ್ರ ಸರ್ಕಾರವು 2021ರ ಮೇ ತಿಂಗಳಲ್ಲಿ 18,100 ಕೋಟಿ ರೂಪಾಯಿಗಳ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಗೆ ಮಂಜೂರಾತಿ ನೀಡಿದಾಗ ನಿಗದಿಪಡಿಸಿದ ಗುರಿ ವಾರ್ಷಿಕ 50 ಗಿಗಾವ್ಯಾಟ್-ಗಂಟೆ ಸಾಮರ್ಥ್ಯದ ಕೋಶ ತಯಾರಿಕೆ. ಆ ಅಷ್ಟೂ ಕೋಶಗಳಿಗೆ ಸಸ್ಯಮೂಲ ಪೊರೆಯನ್ನೇ ಬಳಸಿದರೂ ಬೇಕಾಗುವ ಸೆಲ್ಯುಲೋಸ್ ವರ್ಷಕ್ಕೆ 7,500 ಟನ್. ಇದಕ್ಕೆ 20 ಸಾವಿರ ಹೆಕ್ಟೇರಿಗೂ ಕಡಿಮೆ ಪ್ರದೇಶದ ಹತ್ತಿಕಟ್ಟಿಗೆ ಸಾಕು. ನಮ್ಮ ರಾಜ್ಯವೊಂದರಲ್ಲಿಯೇ ಹತ್ತಿ ಬಿತ್ತನೆಯಾಗುವುದು ಹಲವು ಲಕ್ಷ ಹೆಕ್ಟೇರುಗಳಲ್ಲಿ.

ಆದುದರಿಂದ ಪೊರೆಯ ಬೇಡಿಕೆಯಿಂದ ಹತ್ತಿಕಟ್ಟಿಗೆಯ ಧಾರಣೆ ಏರುತ್ತದೆ ಎಂದು ನಿರೀಕ್ಷಿಸುವಂತಿಲ್ಲ. ಒಂದು ಸ್ಕೂಟರಿನ ಪೊರೆಯಲ್ಲಿ ಕಚ್ಚಾವಸ್ತುವಿನ ಬೆಲೆ ಕೆಲವೇ ರೂಪಾಯಿಗಳು; ಉಳಿದದ್ದೆಲ್ಲವೂ ಬೇಯಿಸುವ, ಸೀಳುವ, ಏಕರೂಪದ ಹಾಳೆ ತೆಗೆಯುವ, ಒಣಗಿಸುವ ಮತ್ತು ಪರೀಕ್ಷಿಸುವ ವೆಚ್ಚ. ಲಾಭ ಇರುವುದು ಸಂಸ್ಕರಣೆಯಲ್ಲಿ. ಅದನ್ನು ಯಾರು ಮಾಡುತ್ತಾರೋ ಅವರಿಗೆ ಅದು ಸಲ್ಲುತ್ತದೆ.

ಮೇಲಾಗಿ ಕಾರ್ಖಾನೆಯವರು ಮೊದಲು ಕೈಹಾಕುವುದು ಕಟ್ಟಿಗೆಗೆ ಅಲ್ಲದಿರಬಹುದು. ಕಟ್ಟಿಗೆ ಹಗುರವಾದುದು, ಹೆಚ್ಚು ಜಾಗ ಬೇಡುವಂಥದ್ದು, ಮಣ್ಣು ಕೂಡಿದ್ದು. ಅದನ್ನು ದೂರ ಸಾಗಿಸುವ ಬಾಡಿಗೆಯೇ ಅದರ ಬೆಲೆಯನ್ನು ಮೀರುತ್ತದೆ. ಹತ್ತಿಕಾಳಿನ ಮೇಲೆ ಉಳಿಯುವ ಲಿಂಟರ್ ಎಂಬ ಗಿಡ್ಡ ತುಪ್ಪಟ ಮತ್ತು ಜಿನ್ನಿಂಗ್, ನೂಲಿನ ಗಿರಣಿಗಳ ಹತ್ತಿ ತ್ಯಾಜ್ಯ ಹೆಚ್ಚು ಶುದ್ಧವಾದವು ಹಾಗೂ ಒಂದೇ ಕಡೆ ದೊರೆಯುವಂಥವು. ಧಾರವಾಡದಲ್ಲಿ 1972ರಲ್ಲಿ ಡಾ. ಬಿ.ಎಚ್. ಕಟರಕಿ ಅವರ ಶ್ರಮದಿಂದ ಹೊರಬಂದ ವರಲಕ್ಷ್ಮಿ ಮತ್ತು 1981ರಲ್ಲಿ ಬಂದ ಡಿ.ಸಿ.ಎಚ್.-32 ಸಂಕರಣ ತಳಿಗಳ ಹಿರಿಮೆ ಇದ್ದುದು ಉದ್ದ ಎಳೆಯಲ್ಲಿ. ಬ್ಯಾಟರಿಯ ಪೊರೆಗೆ ಉದ್ದ ಎಳೆ ಅನಗತ್ಯ. ಗಿರಣಿ ತಿರಸ್ಕರಿಸಿದ ಗಿಡ್ಡ ಎಳೆಯೇ ಸಾಕು. ಕಬ್ಬಿನ ಸಿಪ್ಪೆಯ ವಿಷಯದಲ್ಲಿ, ಸಕ್ಕರೆ ಕಾರ್ಖಾನೆಗಳು ಅದನ್ನು ಉರಿಸಿ ಉಗಿ ಮತ್ತು ವಿದ್ಯುತ್ ಉತ್ಪಾದಿಸಿಕೊಳ್ಳುತ್ತಿರುವುದರಿಂದ ಅದಕ್ಕೆ ಈಗಾಗಲೇ ಬಳಕೆದಾರರಿದ್ದಾರೆ.

"ಹಸಿರು" ಎಂಬ ಮಾತು ಮತ್ತು ತುಂಗಭದ್ರೆಯ ಅನುಭವ

ಸಸ್ಯದಿಂದ ಬಂದದ್ದೆಲ್ಲವೂ ಪರಿಸರಸ್ನೇಹಿ ಎಂಬ ಭಾವನೆ ಸಾಮಾನ್ಯವಾಗಿದೆ. ಕರ್ನಾಟಕಕ್ಕೆ ಈ ವಿಷಯದಲ್ಲಿ ಸ್ವಂತ ಅನುಭವವಿದೆ. ಈಗಿನ ಹಾವೇರಿ ಜಿಲ್ಲೆಯ ಕುಮಾರಪಟ್ಟಣದಲ್ಲಿ, ತುಂಗಭದ್ರಾ ನದಿಯ ದಡದಲ್ಲಿ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು 1972ರಲ್ಲಿ ಆರಂಭವಾಯಿತು. ಮುಖ್ಯವಾಗಿ ನೀಲಗಿರಿ ಮರದಿಂದ ರೇಯಾನ್ ದರ್ಜೆಯ ತಿರುಳು ತಯಾರಿಸುವುದು ಇದರ ಕಾರ್ಯ. ಅತಿ ಶುದ್ಧ ಸೆಲ್ಯುಲೋಸ್ ಆಗಿರುವ ಇಂತಹ ತಿರುಳೇ ಬ್ಯಾಟರಿ ಪೊರೆಗೂ ಒದಗಬಲ್ಲ ಕಚ್ಚಾವಸ್ತು.

ಕಾರ್ಖಾನೆಯ ತ್ಯಾಜ್ಯ ನೀರಿನಿಂದ ನದಿ ಮಲಿನವಾಗುತ್ತಿದೆ ಎಂಬ ದೂರುಗಳು ಕೆಳದಂಡೆಯ ಗ್ರಾಮಗಳಿಂದ 1980ರ ದಶಕದಲ್ಲಿ ಕೇಳಿಬಂದವು. ಕಾರ್ಖಾನೆಗೆ ಮರ ಒದಗಿಸುವ ಉದ್ದೇಶದಿಂದ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಸ್ಥಾಪನೆಗೊಂಡು, ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯನ್ನು ನೆಡುತೋಪಿಗೆ ವಹಿಸಲು ನಿರ್ಧರಿಸಲಾಯಿತು. ಆ ಭೂಮಿಯು ದನ ಮೇಯಿಸಲು, ಸೌದೆ ಆರಿಸಲು ಗ್ರಾಮಸ್ಥರು ಅವಲಂಬಿಸಿದ್ದ ಭೂಮಿಯಾಗಿತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮತ್ತಿತರ ಸಂಘಟನೆಗಳ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ "ಕಿತ್ತಿಕೊ ಹಚ್ಚಿಕೊ" ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ಉಪಯುಕ್ತ ಮರಗಳ ಸಸಿಗಳನ್ನು ನೆಟ್ಟರು. ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಜಂಟಿ ಕಂಪನಿಯನ್ನು 1991ರಲ್ಲಿ ಕೊನೆಗೊಳಿಸಲಾಯಿತು.

ಬ್ಯಾಟರಿ ಪೊರೆಗೆ ಬೇಕಾಗುವ ತಿರುಳಿನ ಪ್ರಮಾಣ ರೇಯಾನ್ ಉದ್ಯಮಕ್ಕೆ ಹೋಲಿಸಿದರೆ ಅತ್ಯಲ್ಪ ಎಂಬುದು ಮೇಲಿನ ಲೆಕ್ಕದಿಂದ ವ್ಯಕ್ತವಾಗಿದೆ. ಆದರೂ ಕ್ಷಾರದಲ್ಲಿ ಬೇಯಿಸುವುದು, ಬಿಳುಪುಗೊಳಿಸುವುದು, ತೊಳೆಯುವುದು, ಈ ಮೂರೂ ಹಂತಗಳು ಎಷ್ಟೇ ಸಣ್ಣ ಘಟಕಕ್ಕೂ ತಪ್ಪುವುದಿಲ್ಲ; ಮೂರಕ್ಕೂ ನೀರು ಬೇಕು, ಮೂರರಿಂದಲೂ ಕೊಳಚೆ ನೀರು ಹೊರಬರುತ್ತದೆ. ಮಳೆ ಕಡಿಮೆಯಾದ ಸಿಂದಗಿ, ಇಂಡಿ ಭಾಗದಲ್ಲಿ ಈ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ. ಪ್ಲಾಸ್ಟಿಕ್ ಪೊರೆಯೂ ನಿರ್ದೋಷಿಯಲ್ಲ. ಅದನ್ನು ತಯಾರಿಸುವ ಒಂದು ವಿಧಾನದಲ್ಲಿ ಪ್ಯಾರಾಫಿನ್ ಎಣ್ಣೆಯನ್ನು ಬೆರೆಸಿ, ಅನಂತರ ಡೈಕ್ಲೋರೋಮೀಥೇನ್ ಎಂಬ ಹಾನಿಕಾರಕ ದ್ರಾವಕದಿಂದ ತೊಳೆಯಲಾಗುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಹಸಿರು ಎಂಬುದನ್ನು ಆಯಾ ಕಾರ್ಖಾನೆಯ ನೀರು, ವಿದ್ಯುತ್ ಮತ್ತು ತ್ಯಾಜ್ಯದ ಲೆಕ್ಕ ನೋಡಿಯೇ ನಿರ್ಧರಿಸಬೇಕು.

ಘಟಕ ಸ್ಥಾಪಿಸಬಯಸುವವರ ಗಮನಕ್ಕೆ

ಪೊರೆ ತಯಾರಿಕೆಯು ಸಣ್ಣ ಬಂಡವಾಳದ ಗ್ರಾಮೀಣ ಉದ್ಯಮವಲ್ಲ. 2022ರಲ್ಲಿ ಪರಿಷ್ಕೃತಗೊಂಡ ಪ್ರಧಾನಮಂತ್ರಿ ಉದ್ಯೋಗ ಸೃಜನೆ ಕಾರ್ಯಕ್ರಮದ ಮಾರ್ಗಸೂಚಿಯಲ್ಲಿ ತಯಾರಿಕಾ ಘಟಕಕ್ಕೆ ನಿಗದಿಯಾದ ಗರಿಷ್ಠ ಯೋಜನಾ ವೆಚ್ಚ 50 ಲಕ್ಷ ರೂಪಾಯಿ. ತೇವರಹಿತ ಕೊಠಡಿ ಮತ್ತು ಪರೀಕ್ಷಾ ಉಪಕರಣಗಳ ಅಗತ್ಯವಿರುವ ಈ ಉದ್ಯಮಕ್ಕೆ ಆ ಮೊತ್ತ ಸಾಲುವಂಥದ್ದಲ್ಲ. ತಿರುಳು ಘಟಕಕ್ಕೆ 1974ರ ಜಲ ಕಾಯ್ದೆ ಹಾಗೂ 1981ರ ವಾಯು ಕಾಯ್ದೆಯನ್ವಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯುವುದು ಕಡ್ಡಾಯ.

ಹತ್ತಿಕಟ್ಟಿಗೆಯನ್ನು ಪುಡಿಮಾಡಿ ಒತ್ತಿ ಇಟ್ಟಿಗೆಯಾಕಾರದ ಉರುವಲು ತಯಾರಿಸುವುದು, ಪಾರ್ಟಿಕಲ್ ಹಲಗೆ ತಯಾರಿಕೆಗೆ ಚಕ್ಕೆ ಒದಗಿಸುವುದು ಪರೀಕ್ಷಿತ ವಿಧಾನಗಳಾಗಿವೆ. ಕಟ್ಟಿಗೆಯಿಂದಲೇ ಆದಾಯ ಬಯಸುವ ರೈತ ಗುಂಪುಗಳಿಗೆ ಇವು ಹೆಚ್ಚು ಹತ್ತಿರದ ದಾರಿ. ಈ ಕುರಿತು ವಿವರಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಉದ್ಯಮ ಆರಂಭಿಸುವವರು ಮಾಡಿಸಬೇಕಾದ ಉದ್ಯಮ್ ನೋಂದಣಿಗೆ ಯಾವುದೇ ಶುಲ್ಕವಿರುವುದಿಲ್ಲ. ಬ್ಯಾಟರಿ ಕಂಪನಿಯ ಹೆಸರು ಹೇಳಿ ಕಟ್ಟಿಗೆ ಖರೀದಿಗೆ ಮುಂಗಡ ಠೇವಣಿ ಅಥವಾ ಸದಸ್ಯತ್ವ ಶುಲ್ಕ ಕೇಳುವವರಿಗೆ ಹಣ ನೀಡುವ ಮುನ್ನ ಲಿಖಿತ ಕರಾರು ಮತ್ತು ಕಂಪನಿಯ ನೋಂದಣಿ ಪತ್ರವನ್ನು ಪರಿಶೀಲಿಸತಕ್ಕದ್ದು. ಕೊಳ್ಳುವವನು ಮಾರುವವನಿಂದ ಠೇವಣಿ ಕೇಳುವ ವ್ಯಾಪಾರ ಲೋಕದಲ್ಲಿ ವಿರಳ.

ಬ್ಯಾಟರಿ ಕೊಳ್ಳುವವರು ಮತ್ತು ಬಳಸುವವರು ಗಮನಿಸಬೇಕಾದ ಅಂಶಗಳು

ಅಂಗಡಿಯಲ್ಲಿ ಬ್ಯಾಟರಿಯ ಪೊರೆಯನ್ನು ನೋಡಿ ಕೊಳ್ಳಲು ಸಾಧ್ಯವಿಲ್ಲ. ನೋಡಬಹುದಾದದ್ದು ಪ್ರಮಾಣಪತ್ರ. 2022ರ ಮಾರ್ಚ್ ತರುವಾಯ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ತಗುಲಿ ಪ್ರಾಣಹಾನಿ ಸಂಭವಿಸಿದ ಹಿನ್ನೆಲೆಯಲ್ಲಿ ಎ.ಐ.ಎಸ್.-156 ಮಾನದಂಡವನ್ನು ತಿದ್ದುಪಡಿ ಮಾಡಿ, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ತರಲಾಗಿದೆ. ಒಂದು ಕೋಶದ ಒಳಗಿನ ಶಾರ್ಟ್ ಸರ್ಕ್ಯೂಟ್‌ನಿಂದ ಹುಟ್ಟಿದ ಶಾಖವು ಇತರ ಕೋಶಗಳಿಗೆ ಹರಡುವ ಬಗೆಯ ಪರೀಕ್ಷೆಯೂ ಇದರಲ್ಲಿ ಸೇರಿದೆ. ಪೊರೆ ಯಾವ ವಸ್ತುವಿನದು ಎಂಬುದಕ್ಕಿಂತ ಬ್ಯಾಟರಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೇ ಎಂಬುದು ಕೊಳ್ಳುವವರಿಗೆ ಮುಖ್ಯ. ಸಣ್ಣ ಬ್ಯಾಟರಿ ಹಾಗೂ ಪವರ್ ಬ್ಯಾಂಕ್ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆಯನ್ನು ನೋಡತಕ್ಕದ್ದು. ಹಳೆಯ ಕೋಶಗಳನ್ನು ಬಿಚ್ಚಿ ಸ್ಥಳೀಯವಾಗಿ ಮರುಜೋಡಿಸಿದ ಅಗ್ಗದ ಬ್ಯಾಟರಿಗಳಿಗೆ ಇಂತಹ ಯಾವ ಖಾತರಿಯೂ ಇರುವುದಿಲ್ಲ.

ವಾಹನದೊಂದಿಗೆ ಬಂದ ಚಾರ್ಜರನ್ನೇ ಬಳಸಬೇಕು. ಮನೆಯ ಬಾಗಿಲು, ಮೆಟ್ಟಿಲು ಅಥವಾ ಮಲಗುವ ಕೋಣೆಯ ಬಳಿ ಚಾರ್ಜ್ ಮಾಡಬಾರದು. ಬೆಂಕಿ ಬಿದ್ದಲ್ಲಿ ಹೊರಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಮೇವಿನ ಬಣವೆ, ಹತ್ತಿ ಕೂಡಿಟ್ಟ ಕೋಣೆ, ದನದ ಕೊಟ್ಟಿಗೆಗಳಿಂದಲೂ ದೂರವಿರಿಸುವುದು ಸೂಕ್ತ. ಉಬ್ಬಿದ, ನೀರಿನಲ್ಲಿ ಮುಳುಗಿದ ಅಥವಾ ಬಿದ್ದು ಜಜ್ಜಿದ ಬ್ಯಾಟರಿಯನ್ನು ಚಾರ್ಜ್ ಮಾಡತಕ್ಕದ್ದಲ್ಲ. ಹೊಗೆ ಅಥವಾ ಸೀಟಿಯಂತಹ ಶಬ್ದ ಬಂದಲ್ಲಿ ಮನೆಯವರೆಲ್ಲರೂ ಹೊರಬಂದು, 112 ಅಥವಾ 101 ಸಂಖ್ಯೆಗೆ ಕರೆ ಮಾಡುವುದು. ಹೊಗೆಯು ವಿಷಕಾರಿಯಾದುದರಿಂದ ವಾಹನವನ್ನು ಉಳಿಸುವ ಪ್ರಯತ್ನ ಸಲ್ಲದು.

ಬಳಸಿ ಮುಗಿದ ಬ್ಯಾಟರಿಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಮನೆಯ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿರಿಸಿ, ಸಂಗ್ರಹಣೆ, ದುರಸ್ತಿ ಅಥವಾ ಮರುಸಂಸ್ಕರಣೆ ಮಾಡುವ ಸಂಸ್ಥೆಗೆ ಒಪ್ಪಿಸುವುದು ಬಳಕೆದಾರರ ಕರ್ತವ್ಯ. ವಿದ್ಯುತ್ ವಾಹನ ಬ್ಯಾಟರಿಗಳಿಂದ ಮರಳಿ ಪಡೆಯಬೇಕಾದ ವಸ್ತುವಿನ ಕನಿಷ್ಠ ಪ್ರಮಾಣವನ್ನು 2024-25ಕ್ಕೆ ಶೇ. 70, 2025-26ಕ್ಕೆ ಶೇ. 80 ಹಾಗೂ 2026-27ರಿಂದ ಶೇ. 90 ಎಂದು ಸದರಿ ನಿಯಮಗಳಲ್ಲಿ ನಿಗದಿಪಡಿಸಲಾಗಿದೆ. ಹಳೆಯ ಬ್ಯಾಟರಿಯನ್ನು ಒಪ್ಪಿಸುವಾಗ ಅದರ ಎರಡೂ ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಒಣ ಮರಳು ತುಂಬಿದ ಡಬ್ಬಿಯಲ್ಲಿರಿಸಿ ಸಾಗಿಸುವುದು ಉತ್ತಮ.